ರೊಟ್ಟಿ ಬಿಟ್ಟೆ, ನಿದ್ದೆ ನನ್ನನ್ನು ಬಿಟ್ಟಿತು

ರೊಟ್ಟಿ ಬಿಟ್ಟ ಮೂರನೆಯ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅದನ್ನು ನಾನು ತೊಂದರೆ ಎಂದುಕೊಳ್ಳಲೇ ಇಲ್ಲ. ಹೊಟ್ಟೆ ಹಗುರಾಗಿದೆ, ಒಂದೆರಡು ದಿನ ಹೀಗೇ, ಆಮೇಲೆ ರೂಢಿಯಾಗುತ್ತದೆ ಎಂದುಕೊಂಡೆ. ಮೊಬೈಲಿನಲ್ಲಿ ಗಂಟೆ ಒಂದಾದದ್ದು ನೋಡಿದೆ. ಎರಡಾದದ್ದೂ ನೋಡಿದೆ. ಎರಡೂವರೆಗೆ ಎಡಗಾಲಿನ ಮೀನಖಂಡ ಕಲ್ಲಿನಂತೆ ಬಿಗಿಯಿತು. ಬಾಯಿಗೆ ಸೆರಗು ತುರುಕಿಕೊಂಡು ಕುಳಿತೆ. ಹೊರಗಿನ ಕೋಣೆಯಲ್ಲಿ ಅಪ್ಪ ಮಲಗಿದ್ದ. ಅವನಿಗೆ ಕೇಳಬಾರದಾಗಿತ್ತು.

ಅದಕ್ಕೆ ಹತ್ತು ದಿನ ಮೊದಲು ಬೈಲಹೊಂಗಲದ ಒಂದು ಲ್ಯಾಬಿನಲ್ಲಿ ರಕ್ತ ಕೊಟ್ಟಿದ್ದೆ. ಪಾಠ ಮಾಡುವಾಗ ಬಾಯಿ ಒಣಗುತ್ತಿತ್ತು. ಒಂದು ಪೀರಿಯಡ್ಡಿನಲ್ಲಿ ಎರಡು ಸಲ ಬಾತ್‌ರೂಮಿಗೆ ಹೋಗಬೇಕಾಗುತ್ತಿತ್ತು. ರಿಪೋರ್ಟ್ ಕೈಗೆ ಬಂತು. ನಾನು ಹೈಸ್ಕೂಲಿನ ವಿಜ್ಞಾನ ಶಿಕ್ಷಕಿ. ಅದನ್ನು ಓದಿ ಹೇಳಲು ಯಾರೂ ಬೇಕಿರಲಿಲ್ಲ.

ಶುಗರ್.

ನನಗೆ ಆಗ ನಲವತ್ನಾಲ್ಕು. ಡಾಕ್ಟರು ಬೆಳಿಗ್ಗೆ ಒಂದು, ರಾತ್ರಿ ಒಂದು ಟ್ಯಾಬ್ಲೆಟ್ ಬರೆದರು. "ಸಕ್ಕರೆ ಬಿಡ್ರಿ, ಅನ್ನ ಕಡಿಮಿ ಮಾಡ್ರಿ, ದಿನಾ ನಡೀರಿ. ತಿಂಗಳಿಗೆ ಬಂದ ತೋರಸ್ರಿ, ಟೀಚರ್" ಅಂದರು. ಅಷ್ಟೇ ಹೇಳಿದ್ದು. ಅಷ್ಟನ್ನೇ ಮಾಡಿದ್ದರೆ ಈ ಬರಹದ ಅಗತ್ಯವೇ ಬೀಳುತ್ತಿರಲಿಲ್ಲ.

ಆದರೆ ನಮ್ಮ ಮನೆತನದಲ್ಲಿ ಡಿಗ್ರಿ ಮಾಡಿದ ಮೊದಲನೆಯವಳು ನಾನು. ಗಂಡಸರು ಹೆಂಗಸರು ಎಲ್ಲರನ್ನೂ ಸೇರಿಸಿ ಹೇಳುತ್ತಿದ್ದೇನೆ. ನಮ್ಮಂಥವರಿಗೆ ಒಂದು ಚಟ ಇರುತ್ತದೆ. ಐದು ಅಂಕದ ಪ್ರಶ್ನೆಗೆ ಹತ್ತು ಅಂಕದ ಉತ್ತರ ಬರೆಯುವುದು. ಎಲ್ಲಿ ಫೇಲಾಗುತ್ತೇವೋ ಎನ್ನುವ ಭಯ ಪಾಸಾಗಿ ಇಪ್ಪತ್ತು ವರ್ಷವಾದರೂ ಹೋಗುವುದಿಲ್ಲ. ಅನ್ನ ಕಡಿಮೆ ಮಾಡಿ ಅಂದರೆ ನಾನು ಅನ್ನ, ರೊಟ್ಟಿ, ಚಪಾತಿ, ಅವಲಕ್ಕಿ, ಆಲೂಗಡ್ಡೆ, ಹಣ್ಣು ಎಲ್ಲವನ್ನೂ ಒಂದೇ ದಿನ ಬಿಟ್ಟೆ. ಮೊಬೈಲಿನಲ್ಲಿ ಯಾರೋ ಒಬ್ಬರು ಮೂರು ತಿಂಗಳಲ್ಲಿ ಶುಗರ್ ಓಡಿಸುವ ಬಗೆ ಹೇಳುತ್ತಿದ್ದರು. ಅದನ್ನು ನೋಟ್ಸ್ ಮಾಡಿಕೊಂಡು ಟೈಂಟೇಬಲ್ ಬರೆದು ಕಪಾಟಿನ ಬಾಗಿಲ ಒಳಗೆ ಅಂಟಿಸಿದೆ. ತತ್ತಿ, ಸೌತೆಕಾಯಿ, ಮೆಂತ್ಯ ಪಲ್ಯ, ಪನೀರು. ಡಾಕ್ಟರಿಗೆ ತಿಳಿಸಲಿಲ್ಲ. ತಿಂಗಳ ನಂತರ ರಿಪೋರ್ಟ್ ತೋರಿಸಿ ಶಹಬ್ಬಾಸ್ ಅನ್ನಿಸಿಕೊಳ್ಳುವ ಆಸೆ ನನಗೆ.

ಇನ್ನೊಂದು ಕಾರಣ ಅವ್ವ.

ಅವ್ವ ಹೋದದ್ದು ಇದೇ ಕಾಯಿಲೆಯಿಂದ. ಮೊದಲು ಕಾಲಿನ ಒಂದು ಬೆರಳು ಹೋಯಿತು. ಆಮೇಲೆ ಪಾದ. ಬೆಳಗಾವಿಯ ಆಸ್ಪತ್ರೆಯ ವರಾಂಡದಲ್ಲಿ ಅಪ್ಪ ಹನ್ನೊಂದು ದಿನ ನೆಲದ ಮೇಲೆ ಮಲಗಿದ್ದ. ಅಂದಿನಿಂದ ನಮ್ಮ ಮನೆಯಲ್ಲಿ ಆ ಕಾಯಿಲೆಯ ಹೆಸರನ್ನು ಯಾರೂ ಎತ್ತುವುದಿಲ್ಲ. ಹೀಗಾಗಿ ಎಪ್ಪತ್ತನಾಲ್ಕು ವರ್ಷದ ಅಪ್ಪನಿಗೆ ನನ್ನ ಶುಗರಿನ ವಿಷಯ ತಿಳಿಯಬಾರದು ಎಂದು ತೀರ್ಮಾನಿಸಿದೆ. ತೂಕ ಇಳಿಸುತ್ತಿದ್ದೇನೆ ಎಂದು ಹೇಳಿದೆ. ನನ್ನ ಗಂಡ ಇಮಾಮ ಬಸ್ ಡ್ರೈವರ್, ವಾರದಲ್ಲಿ ಮೂರು ರಾತ್ರಿ ಹೊರಗೇ ಹಾಲ್ಟ್. ಅವರ ಬಾಯಿಯನ್ನೂ ಮುಚ್ಚಿಸಿದೆ.

"ಸಾಲ್ಯಾಗ ಹುಡುಗರಿಗೆ ಸತ್ಯ ಹೇಳ್ರಿ ಅಂತ ಕಲಸ್ತಿ. ಮನ್ಯಾಗ ನನಗ ಸುಳ್ಳಿನ ಪಾಠ ಮಾಡಾಕತ್ತಿ" ಅಂದರು ಅವರು.

"ಮೂರು ತಿಂಗಳ ಸುಮ್ಮನಿರ್ರಿ. ಶುಗರ್ ಹೋಗ್ತೈತಿ, ಸುಳ್ಳೂ ಹೋಗ್ತೈತಿ" ಅಂದೆ.

ನಾವು ನದಾಫರು. ಹತ್ತಿ ಹಿಂಜಿ ಗಾದಿ, ತಲೆದಿಂಬು ಹೊಲಿಯುವುದು ಅಪ್ಪನ ಕಸುಬು. ಊರು ಹೂಲಿ. ಹತ್ತಿ ಬಿಡಿಸುವುದು ಮುಗಿದು ಮದುವೆಯ ದಿನಗಳು ಹತ್ತಿರ ಬಂದಾಗ ಅಪ್ಪ ಆಳೆತ್ತರದ ಬಿಲ್ಲನ್ನು ಸೈಕಲ್ಲಿಗೆ ಕಟ್ಟಿಕೊಂಡು ಸವದತ್ತಿ, ರಾಮದುರ್ಗ, ಒಮ್ಮೊಮ್ಮೆ ಕಿತ್ತೂರಿನ ಕಡೆಗೂ ಹೋಗುತ್ತಿದ್ದ. ಬಿಲ್ಲಿನ ತಂತಿಯನ್ನು ಹತ್ತಿಯ ರಾಶಿಗೆ ತಾಗಿಸಿ ಮರದ ಕೊಡತಿಯಿಂದ ಹೊಡೆದರೆ ಟಂಯ್ ಎನ್ನುತ್ತಿತ್ತು. ಗಂಟುಗಟ್ಟಿದ ಹತ್ತಿ ಹೊಗೆಯ ಹಾಗೆ ಎದ್ದು ಪಕ್ಕಕ್ಕೆ ಬೀಳುತ್ತಿತ್ತು. ಊರಲ್ಲೇ ಕೆಲಸವಿದ್ದ ದಿನ ನಾನು ಸಾಲಿ ಬಿಟ್ಟು ಸೀದಾ ಅಲ್ಲಿಗೇ ಓಡುತ್ತಿದ್ದೆ. ಹಿಂಜಿದ ಹತ್ತಿಯ ಮೇಲೆ ಬೋರಲು ಮಲಗಿ ಪುಸ್ತಕ ತೆರೆದರೆ ಎರಡು ಪುಟ ದಾಟುವ ಮೊದಲೇ ನಿದ್ದೆ. ಅವ್ವ ಬಂದು ಎಬ್ಬಿಸಿ, ಕೂದಲಿನಿಂದ ಹತ್ತಿ ಆರಿಸಿ, ಮನೆಗೆ ಕರೆದೊಯ್ದು ಬಿಸಿ ರೊಟ್ಟಿ, ಪುಂಡಿಪಲ್ಯ ಹಾಕುತ್ತಿದ್ದಳು. ಉಂಡ ತಾಟಿನ ಮುಂದೆಯೇ ಮತ್ತೆ ತೂಕಡಿಕೆ. ನಿದ್ದೆ ಎಂಬುದು ಹುಡುಕಬೇಕಾದ ವಸ್ತು ಎಂದು ನನಗೆ ನಲವತ್ನಾಲ್ಕು ವರ್ಷ ಗೊತ್ತೇ ಇರಲಿಲ್ಲ.

ಊರಿನವರೆಲ್ಲ ಗಾದಿಯ ಮೇಲೆ ಮಲಗಿದರೂ ನಮ್ಮ ಮನೆಯಲ್ಲಿ ಗಾದಿ ಇರಲಿಲ್ಲ. ಕೌದಿ ಇತ್ತು. ನಾನು ಬಿ.ಎಸ್ಸಿ. ಪಾಸಾದ ವಾರ ಅಪ್ಪ ಜವಾರಿ ಹತ್ತಿ ತಂದು ಎರಡು ದಿನ ಹಿಂಜಿ ನನಗಾಗಿ ಒಂದು ಗಾದಿ ಹೊಲಿದ. "ಡಿಗ್ರಿ ಮಾಡಿದವರು ನೆಲದ ಮ್ಯಾಲ ಮಲಗಬಾರದು" ಅಂದ. ಬಿ.ಎಡ್. ಮಾಡುವಾಗ, ಮದುವೆಯಾದಾಗ, ನೌಕರಿ ಸಿಕ್ಕು ಬೈಲಹೊಂಗಲಕ್ಕೆ ಬಂದಾಗ ಆ ಗಾದಿ ನನ್ನ ಜೊತೆಗೇ ಬಂತು. ಈಗ ನಿದ್ದೆ ಇಲ್ಲದೆ ಹೊರಳಾಡುತ್ತಿದ್ದದ್ದು ಅದರ ಮೇಲೆಯೇ.

ಎರಡನೆಯ ವಾರಕ್ಕೆ ತೂಕ ಮೂರು ಕಿಲೋ ಇಳಿಯಿತು. ಹಿಗ್ಗಿದೆ. ಲ್ಯಾಬಿನಲ್ಲಿ ನೋಡಿಸಿದರೆ ಬೆಳಗಿನ ಶುಗರೂ ಇಳಿದಿತ್ತು. ಆದರೆ ರಾತ್ರಿ ಹನ್ನೊಂದಾದರೂ, ಹನ್ನೆರಡಾದರೂ ಕಣ್ಣು ಮುಚ್ಚುತ್ತಿರಲಿಲ್ಲ. ಮೈ ದಣಿದಿರುತ್ತಿತ್ತು, ತಲೆ ಮಾತ್ರ ಪರೀಕ್ಷೆಯ ಹಾಲಿನಲ್ಲಿ ಕುಳಿತ ಹಾಗೆ ಚುರುಕು. ಹೇಗೋ ಹತ್ತಿದ ಜೊಂಪು ಎರಡೂವರೆಗೆ ಒಡೆಯುತ್ತಿತ್ತು. ಕುತ್ತಿಗೆ, ಬೆನ್ನು ಬೆವರಿನಿಂದ ತೊಯ್ದಿರುತ್ತಿತ್ತು. ಎದೆ ಡಬಡಬ. ಕೈ ನಡುಕ. ನೀರು ಕುಡಿದು ಅಡುಗೆಮನೆಯಿಂದ ಹಿತ್ತಲ ಬಾಗಿಲಿನವರೆಗೆ ಓಡಾಡುತ್ತಿದ್ದೆ. ಡಬ್ಬಿಯಲ್ಲಿ ಅಪ್ಪನಿಗೆಂದು ಸುಟ್ಟಿಟ್ಟ ರೊಟ್ಟಿಯ ವಾಸನೆ. ಒಂದು ತುಣುಕು ಮುರಿದು, ಮೂಸಿ, ಮತ್ತೆ ಡಬ್ಬಿಗೇ ಹಾಕಿ ಮುಚ್ಚಳ ಮುಚ್ಚಿದ್ದೂ ಉಂಟು. ಅದನ್ನು ದೊಡ್ಡ ಗೆಲುವು ಎಂದುಕೊಂಡಿದ್ದೆ.

ಹಸಿವೆಗೆ ಒಂದು ಉಪಾಯ ಕಂಡುಕೊಂಡಿದ್ದೆ. ಚಹಾ. ನಮ್ಮ ಕಡೆ ಶುಗರ್ ಬಂದವರಿಗೆ ಚಹಾದಲ್ಲಿ ಸಕ್ಕರೆಯೊಂದೇ ತಪ್ಪು. ಅದನ್ನು ತೆಗೆದರೆ ಉಳಿದದ್ದು ನೀರಿಗೆ ಸಮ. ಸಾಲಿಯಲ್ಲಿ ಚಹಾ ಮಾಡುವ ಯಲ್ಲವ್ವನಿಗೆ ನನ್ನದನ್ನು ಬೇರೆ ಮಾಡಲು ಹೇಳಿದ್ದೆ.

"ಹಾಲಿಲ್ಲ, ಸಕ್ರಿ ಇಲ್ಲ. ಇದು ಚಾ ಏನ್ರಿ ಟೀಚರ, ಬಣ್ಣದ ನೀರ?"

"ಹಾಕವ್ವಾ, ಇನ್ನೊಂದ ಕಪ್ ಹಾಕು. ಅದರಾಗ ಏನೂ ಇಲ್ಲ. ಎಷ್ಟ ಕುಡದರೂ ನಡೀತೈತಿ."

"ಏನೂ ಇಲ್ಲದ್ದನ್ನ ಮ್ಯಾಲಿಂದ ಮ್ಯಾಲ ಯಾಕ ಬೇಡ್ತೀರಿ ಮತ್ತ?"

ಬೆಳಿಗ್ಗೆ ಎದ್ದ ಕೂಡಲೇ ಒಂದು, ಸಾಲಿಯಲ್ಲಿ ಹಸಿವಾದಾಗಲೊಂದು, ನಿದ್ದೆಗಣ್ಣಿಗೊಂದು, ಸಂಜೆ ಮನೆಯಲ್ಲಿ ಎರಡು, ರಾತ್ರಿ ಊಟದ ಬದಲು ಮತ್ತೊಂದು.

ರಾತ್ರಿ ಸಿಗದ ನಿದ್ದೆ ಹಗಲು ವಸೂಲಿಗೆ ಬರುತ್ತಿತ್ತು. ನನ್ನ ಸಾಲಿ ಸವದತ್ತಿ ರಸ್ತೆಯ ಒಂದು ಹಳ್ಳಿಯಲ್ಲಿದೆ. ಒಂದು ಬೆಳಿಗ್ಗೆ ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿದ್ದಷ್ಟೇ ಗೊತ್ತು. ಯಾರೋ ಭುಜ ತಟ್ಟಿದರು. ಕಣ್ಣು ಬಿಟ್ಟರೆ ಸವದತ್ತಿ ಬಸ್ ಸ್ಟ್ಯಾಂಡ್.

"ಏನ್ರಿ ಟೀಚರ, ಸಾಲಿ ಬಿಟ್ಟು ಇವತ್ತ ಯಲ್ಲಮ್ಮಗ ಹೊಂಟೀರೇನ?" ಕಂಡಕ್ಟರ್ ನಗುತ್ತಿದ್ದ. ಬಸ್ಸಿನವರೂ ನಕ್ಕರು. ನಾನೂ ನಕ್ಕೆ. ವಾಪಸು ಬರುವ ಬಸ್ಸಿನಲ್ಲಿ ನಿಂತೇ ಬಂದೆ. ಕುಳಿತರೆ ಭಯ.

ಮನೆಯಲ್ಲಿ ಅಪ್ಪ ಎಲ್ಲವನ್ನೂ ನೋಡುತ್ತಿದ್ದನಂತೆ. ಒಂದು ರಾತ್ರಿ ಕತ್ತಲಲ್ಲೇ ಕೇಳಿದ.

"ಯಾಕ ಶಮಾ, ನಿದ್ದಿ ಬರವಲ್ದೇನ?"

"ಸೆಕಿ ಅಪ್ಪಾ. ನೀ ಮಲ್ಕೋ."

ಮರುದಿನ ಪೇಪರ್ ತಿದ್ದುತ್ತಿದ್ದೇನೆ ಎಂದೆ. ಅದರ ಮರುದಿನ ಸೊಳ್ಳೆ ಎಂದೆ. ಅವನು ಮತ್ತೆ ಕೇಳಲಿಲ್ಲ. ಒಂದು ಸಂಜೆ ನನ್ನ ಕೋಣೆಗೆ ಬಂದು ಹಾಸಿಗೆಯ ಮೇಲೆ ಅಂಗೈ ಒತ್ತಿ ಒತ್ತಿ ನೋಡುತ್ತಿದ್ದ. ಏನು ಅಂದೆ. ಏನಿಲ್ಲ ಅಂದ. ವಯಸ್ಸಾದವರು ಹಳೆಯದನ್ನು ಮುಟ್ಟಿ ನೋಡುತ್ತಿರುತ್ತಾರೆ ಎಂದುಕೊಂಡು ಚಹಾ ಮಾಡಲು ಹೋದೆ.

ಶನಿವಾರ ಬೆಳಗಿನ ಸಾಲಿ. ಮಧ್ಯಾಹ್ನ ಹನ್ನೆರಡರ ಸುಮಾರಿಗೆ ನಮ್ಮ ಓಣಿಯ ತಿರುವಿಗೆ ಬಂದೆ. ಶಬ್ದ ಕೇಳಿಸಿತು.

ಟಂಯ್. ಟಂಯ್. ಟಂಯ್.

ಎಷ್ಟೋ ವರ್ಷಗಳ ನಂತರ ಕೇಳಿದ ಶಬ್ದ. ನನ್ನ ಕಾಲು ತಾನಾಗಿಯೇ ನಿಧಾನವಾಯಿತು. ಹೆಗಲ ಮೇಲಿನ ಬ್ಯಾಗು ಪಾಟಿಚೀಲವಾಯಿತು. ಹೂಲಿಯ ಹಳೇ ಗುಡಿಯ ಹಿಂದಿನ ನೆರಳು, ಅವ್ವನ ಬಳೆ ಸದ್ದು, ಗಾಳಿಯಲ್ಲಿ ತೇಲುವ ಅರಳೆ, ಎಲ್ಲ ಒಟ್ಟಿಗೆ ಬಂದವು. ಆ ಓಣಿಯಲ್ಲಿ ನಿಂತು ಕಣ್ಣು ಮುಚ್ಚಿದ್ದರೆ ಅಲ್ಲಿಯೇ ನಿದ್ದೆ ಹೋಗುತ್ತಿದ್ದೆನೇನೋ. ಅರೆಗಳಿಗೆ ಸುಖವಾಗಿ ನಿಂತಿದ್ದೆ.

ಆಮೇಲೆ ಓಡಿದೆ.

ಅಪ್ಪ ಬಿಲ್ಲು ಬಿಟ್ಟು ಎಂಟು ವರ್ಷವಾಗಿತ್ತು. ನಲವತ್ತು ವರ್ಷ ನುಂಗಿದ ಹತ್ತಿಯ ಧೂಳು ಅವನ ಎದೆಯಲ್ಲಿ ಕುಳಿತಿದೆ. ಹತ್ತಿಯ ಹತ್ತಿರವೂ ಸುಳಿಯಬಾರದು ಎಂದು ಎದೆಯ ಡಾಕ್ಟರು ಹೇಳಿದ್ದರು. ಇನ್‌ಹೇಲರ್ ಇಲ್ಲದೆ ಹೊಸ್ತಿಲು ದಾಟದ ಮನುಷ್ಯ ಹಿತ್ತಲಲ್ಲಿ ಬಾಯಿಗೆ ಟಾವೆಲ್ ಕಟ್ಟಿಕೊಂಡು ಕುಳಿತಿದ್ದ. ನನ್ನ ಗಾದಿಯ ಹೊಲಿಗೆಯೆಲ್ಲ ಬಿಚ್ಚಿತ್ತು. ಕೈಯಲ್ಲಿ ಹೂಲಿಯಿಂದ ತಂದಿಟ್ಟಿದ್ದ ಹಳೇ ಬಿಲ್ಲು, ಎದುರಿಗೆ ಹತ್ತಿಯ ರಾಶಿ. ಹುಬ್ಬಿನ ಮೇಲೆ, ಕಿವಿಯಲ್ಲಿ, ಗಡ್ಡದಲ್ಲಿ ಅರಳೆ. ನಾಲ್ಕು ಸಲ ಬಿಲ್ಲು ಹೊಡೆಯುವುದು, ಒಂದು ಸಲ ಕೆಮ್ಮುವುದು.

"ಅಪ್ಪಾ, ಏನ ಮಾಡಾಕತ್ತಿ ನೀ?"

"ಗಾದಿ ಗಂಟ ಕಟ್ಟೈತಿ. ನಡುವಿನ ಕಡೆ ಕೈ ಇಟ್ಟರ ಕಲ್ಲಿನಂಗ ಹತ್ತತೈತಿ. ಅದರ ಮ್ಯಾಲ ಯಾರಿಗೆ ನಿದ್ದಿ ಬರ್ತೈತಿ?" ಕೆಮ್ಮು ಬಂತು. ತಡೆದುಕೊಂಡ. "ತಪ್ಪು ನನ್ನದ. ಐದು ವರ್ಷಕ್ಕೊಮ್ಮೆ ಹಿಂಜಿ ಕೊಡಬೇಕಾಗಿತ್ತ. ಎದಿ ನೋವು ಅಂತ ಕುಂತಬಿಟ್ಟೆ."

"ಪೇಟ್ಯಾಗ ಮಷೀನ್ ಐತಿ, ಅರ್ಧಾ ತಾಸಿನ ಕೆಲಸ..."

"ಮಷೀನ್ ಹತ್ತೀನ ಕಡೀತೈತಿ. ಹಿಂಜೂದಿಲ್ಲ. ನನ್ನ ಮಗಳು ಹದಿನೈದ ದಿವಸ ಆತು ಮಲಗಿಲ್ಲ, ಅಕಿಗೆ ಕಡಿದ ಹತ್ತಿ ಹಾಸಲಿ?"

ಅವನು ಮತ್ತೆ ಕೊಡತಿ ಎತ್ತಿದ. ನಾನು ಕೈ ಹಿಡಿದುಕೊಂಡೆ. ಜೀವನದಲ್ಲಿ ಒಂದು ಸಲವೂ ಕೆಟ್ಟ ಗಾದಿ ಹೊಲಿಯದ ಮನುಷ್ಯ ನನ್ನ ಸುಳ್ಳನ್ನು ತನ್ನ ಕೈಯ ದೋಷ ಎಂದು ತೆಗೆದುಕೊಂಡು ಉಸಿರು ಕಳೆದುಕೊಳ್ಳುತ್ತಿದ್ದ. ಇನ್ನು ಬಾಯಿ ಮುಚ್ಚಿಕೊಂಡಿರುವ ಹಾಗಿರಲಿಲ್ಲ.

"ಗಾದಿದು ತಪ್ಪಲ್ಲ ಅಪ್ಪಾ. ನನಗ ಶುಗರ್ ಬಂದೈತಿ."

ಕೊಡತಿ ಕೆಳಗಿಟ್ಟ. ಬಾಯಿಯ ಟಾವೆಲ್ ಬಿಚ್ಚಿದ. ನಾನು ಬೈಗುಳಕ್ಕೋ ಅಳುವಿಗೋ ಕಾದೆ.

"ಕಾಲ ತೋರ್ಸು" ಅಂದ.

ಅಲ್ಲೇ ಹತ್ತಿಯ ಪಕ್ಕ ಕುಳಿತೆ. ದಬ್ಬಣ ಹಿಡಿದು ಹಿಡಿದು ಒರಟಾದ ಬೆರಳುಗಳಿಂದ ಅಪ್ಪ ನನ್ನ ಪಾದ ಎತ್ತಿಕೊಂಡ. ಒಂದೊಂದೇ ಬೆರಳು ಬಿಡಿಸಿ ನಡುವೆ ನೋಡಿದ. ಹಿಮ್ಮಡಿ ಒತ್ತಿದ. ಇನ್ನೊಂದು ಕಾಲು. ಎಲ್ಲಿಯೂ ಗಾಯವಿಲ್ಲ ಎಂದು ಖಾತ್ರಿಯಾದ ಮೇಲೆ ಗೋಡೆಗೆ ಒರಗಿದ.

"ನಿಮ್ಮವ್ವನೂ ನನಗ ಹೇಳಿದ್ದಿಲ್ಲ" ಅಂದ. "ಬೆರಳಿಗೆ ಹುಣ್ಣಾಗಿತ್ತ. ನಾ ಸೀಜನ್ನಿನ ಮ್ಯಾಲ ಹೋಗಿದ್ದೆ, ಕೆಲಸಾ ಬಿಟ್ಟ ಬರ್ತಾನ ಅಂತ ಅರಬಿ ಸುತ್ತಕೊಂಡ ಅಡ್ಡಾಡಿದ್ಲು. ಇಪ್ಪತ್ತ ದಿವಸ. ಬಂದ ಮ್ಯಾಲ ವಾಸನಿ ಮ್ಯಾಲ ಗೊತ್ತಾತು."

ನನಗೆ ಇದು ಗೊತ್ತಿರಲಿಲ್ಲ. ಅವ್ವನಿಗೆ ಓದು ಬರುತ್ತಿರಲಿಲ್ಲ, ಅದಕ್ಕೇ ಹಾಗಾಯಿತು ಎಂದು ಅಷ್ಟು ವರ್ಷ ನಂಬಿಕೊಂಡಿದ್ದೆ. ಎರಡು ಡಿಗ್ರಿ ಮಾಡಿಕೊಂಡ ನಾನು ಮಾಡಿದ್ದೂ ಅದನ್ನೇ.

ಅಂದೇ ಸಂಜೆ ಅಪ್ಪ ನನ್ನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ನಾನು ಕರೆದೊಯ್ದದ್ದಲ್ಲ. ಸಾಲಿಗೆ ಮೊದಲ ದಿನ ಸೇರಿಸಲು ಹೋದಾಗಿನ ಹಾಗೆ ಮುಂದೆ ಮುಂದೆ ನಡೆದ. ಡಾಕ್ಟರ ಮುಂದೆ ನನ್ನ ಟೈಂಟೇಬಲ್ ಇಟ್ಟೆ. ಅವರು ಎರಡು ಸಲ ಓದಿದರು.

"ಗುಳಿಗಿ?"

"ನೀವು ಬರದಷ್ಟೂ ತಗೊಂಡೇನ್ರಿ ಸರ್. ಒಂದೂ ತಪ್ಪಿಸಿಲ್ಲ."

"ಟೀಚರ್, ನಾ ಗುಳಿಗಿ ಬರದಿದ್ದು ರೊಟ್ಟಿ ತಿನ್ನೋರಿಗೆ. ನೀವು ರೊಟ್ಟಿ ಬಿಟ್ಟೀರಿ, ಗುಳಿಗಿ ಬಿಟ್ಟಿಲ್ಲ. ಹೊಟ್ಟ್ಯಾಗ ಏನೂ ಇಲ್ಲಂದ್ರ ರಾತ್ರಿ ಅದು ಏನನ್ನ ಇಳಸಬೇಕು? ಬೆವರು, ನಡುಕ, ಎದಿ ಹೊಡಕೊಳ್ಳೂದು, ಇದು ಲೋ ಶುಗರ್ ಇರಬೇಕು. ನಿಮ್ಮ ಮೈ ನಿಮ್ಮನ್ನ ಎಬ್ಬಿಸಿ ಉಳಸೈತಿ. ಒಂದ ರಾತ್ರಿ ಎಚ್ಚರ ಆಗದಿದ್ರ?"

ಅಪ್ಪ ನನ್ನ ಕಡೆ ನೋಡಲಿಲ್ಲ. ಎದುರಿನ ಗೋಡೆ ನೋಡುತ್ತಿದ್ದ.

ಡಾಕ್ಟರು ರಾತ್ರಿಯ ಟ್ಯಾಬ್ಲೆಟ್ ಅಂದಿನಿಂದಲೇ ನಿಲ್ಲಿಸಿದರು. ಹಿಟ್ಟಿನ ಪದಾರ್ಥ ಒಮ್ಮೆಲೇ ಬಿಟ್ಟಾಗ ಮೈಯ ನೀರು, ಉಪ್ಪು ಹೊರಟುಹೋಗುತ್ತವೆ, ಕಾಲು ಹಿಡಿಯುವುದಕ್ಕೆ ಅದೂ ಕಾರಣವಿರಬಹುದು ಎಂದರು. ಮೊದಲ ವಾರಗಳಲ್ಲಿ ಕೆಲವರಿಗೆ ಸುಮ್ಮಸುಮ್ಮನೆಯೂ ನಿದ್ದೆ ಕೆಡುತ್ತದಂತೆ. ಪಥ್ಯ ಬಿಡಬೇಡಿ, ಆದರೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯಿರಿ ಎಂದರು. ಆಮೇಲೆ ಕೇಳಿದರು.

"ಚಾ, ಕಾಫಿ?"

"ಸಕ್ಕರೆ ಹಾಕೂದಿಲ್ರಿ. ಬರೇ ಖಾಲಿ ಚಾ. ಮೂರು ನಾಕು..."

"ಅಷ್ಟ ಅಲ್ರಿ ಸಾಹೇಬ್ರ" ಅಪ್ಪ ನಡುವೆ ಬಾಯಿ ಹಾಕಿದ. "ಮನ್ಯಾಗ ಕುಡದಿದ್ದ ನಾಕು. ಸಾಲ್ಯಾಗಿಂದು ಅಕಿಗೇ ಗೊತ್ತು."

ಡಾಕ್ಟರು ಪೆನ್ನು ಕೆಳಗಿಟ್ಟು ನಕ್ಕರು. "ವಿಜ್ಞಾನ ಕಲಸ್ತೀರಿ, ಚಾದಾಗ ಸಕ್ಕರಿ ಬಿಟ್ಟು ಮತ್ತೇನೈತಿ ಅಂತ ನಾ ಹೇಳಬೇಕ?"

ಕೆಫೀನ್. ಪ್ರತಿ ವರ್ಷ ಬೋರ್ಡಿನ ಮೇಲೆ ನಾನೇ ಬರೆಯುವ ಶಬ್ದ. ಮೈಯೆಲ್ಲ ಕಿವಿಯಾಗಿ ಕುಳಿತಿದ್ದ ಅಪ್ಪನ ಮುಂದೆ ತಲೆ ತಗ್ಗಿಸಿದೆ.

ಬೆವರು ಮೊದಲ ರಾತ್ರಿಯಿಂದಲೇ ನಿಂತಿತು. ನಿದ್ದೆ ಮಾತ್ರ ಅಷ್ಟು ಬೇಗ ಬರಲಿಲ್ಲ. ಮಧ್ಯಾಹ್ನದ ನಂತರ ಚಹಾ ಬಂದ್. ಉಪ್ಪು ಹಾಕಿದ ಮಜ್ಜಿಗೆ. ಮಧ್ಯಾಹ್ನ ಒಂದು ತೆಳ್ಳನೆಯ ರೊಟ್ಟಿ, ರಾತ್ರಿ ಅರ್ಧ, ತಾಟಿನ ತುಂಬ ಪಲ್ಯ. ಆ ಮೊದಲ ಅರ್ಧ ರೊಟ್ಟಿಯನ್ನು ಎಷ್ಟು ಹೊತ್ತು ತಿಂದೆನೆಂದರೆ ಇಮಾಮ "ಮುಗಸಾಕ ಮನಸಿಲ್ಲಂದ್ರ ಫ್ರೇಮ್ ಹಾಕಸೂನೇನ?" ಅಂದರು.

ಅಪ್ಪನ ಕೆಮ್ಮು ಒಂದು ವಾರ ಹಿಡಿಯಿತು. ನಾಲ್ಕು ದಿನ ನೆಬುಲೈಸರ್. ಅವನ ಮುಖದ ಮೇಲೆ ಮಾಸ್ಕ್ ಹಿಡಿದು ಕುಳಿತಾಗ ಅನ್ನಿಸಿದ್ದನ್ನು ಬರೆಯಲು ನನಗೆ ಬರುವುದಿಲ್ಲ. ನನ್ನ ಕಾಯಿಲೆ ನನ್ನೊಬ್ಬಳದು ಎಂದುಕೊಂಡದ್ದು ಸೊಕ್ಕು. ಇಷ್ಟೇ ಹೇಳಬಲ್ಲೆ.

ಅರ್ಧ ಹಿಂಜಿದ ಹತ್ತಿ ಹಿತ್ತಲಲ್ಲಿ ಉಳಿದಿತ್ತು. ಭಾನುವಾರ ನಾನೇ ಕುಳಿತೆ. ಚಿಕ್ಕವಳಿದ್ದಾಗ ಬಿಲ್ಲು ಮುಟ್ಟಿದರೆ ಅಪ್ಪ ಕೈ ಮೇಲೆ ಹೊಡೆಯುತ್ತಿದ್ದ. ಈ ಧೂಳು ನನ್ನ ಎದೆಗೇ ಸಾಕು, ನೀನು ಓದು ಎನ್ನುತ್ತಿದ್ದ. ಈಗ ಅವನನ್ನು ಒಳಗೆ ಕೂಡಿಸಿ ಕಿಟಕಿಯ ಗಾಜು ಮುಚ್ಚಿ, ನಾನು ಮಾಸ್ಕ್ ಹಾಕಿಕೊಂಡು ಮೇಲೆ ಒದ್ದೆ ಓಢನಿ ಸುತ್ತಿಕೊಂಡೆ. ಗಾಜಿನ ಆಚೆಯಿಂದಲೂ ಅವನ ದನಿ ಕೇಳುತ್ತಿತ್ತು.

"ಗುದ್ದಬ್ಯಾಡ! ತಂತಿ ಹತ್ತಿಗೆ ತಾಗಬೇಕ, ಅಷ್ಟ. ಅದೇನ ನಿನ್ನ ಸಾಲಿ ಗಂಟಿ ಏನ ಬಡಿಯಾಕ?"

"ಬರೂದಿಲ್ಲಪಾ ನನಗ!"

"ಡಿಗ್ರಿ ಕೈ ನೋಡ ಅದು. ಮೆತ್ತಗೈತಿ" ಅಂದ. ಹೆಮ್ಮೆಯಿಂದಲೇ ಅಂದ.

ಗಾದಿ ಸರಿಯಾಗಲಿಲ್ಲ. ಒಂದು ಮೂಲೆ ಉಬ್ಬು, ಒಂದು ಮೂಲೆ ತಗ್ಗು. ಅಪ್ಪ ಕೈಯಾಡಿಸಿ ನೋಡಿ ತಾನೇ ಮೇಲೆ ಚಾದರ ಹಾಸಿದ. ಗಿರಾಕಿಯ ಗಾದಿಯಾಗಿದ್ದರೆ ಬಿಚ್ಚಿಸುತ್ತಿದ್ದ.

ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎಒನ್‌ಸಿ ರಿಪೋರ್ಟ್ ಕಳೆದ ವಾರ ಬಂತು. ಇಳಿದಿದೆ. ನಾರ್ಮಲ್ ಆಗಿಲ್ಲ. ಡಾಕ್ಟರು ಶಹಬ್ಬಾಸ್ ಅನ್ನಲಿಲ್ಲ, "ಹಿಂಗ ನಡೀಲಿ" ಅಂದರು. ನನಗೆ ಅಷ್ಟು ಸಾಕಾಯಿತು. ಮುಂದೆ ಏರಬಹುದು, ಮತ್ತೆ ಕೆಲವು ರಾತ್ರಿ ಹೋಗಬಹುದು. ಹೋದರೆ ಹೇಳುತ್ತೇನೆ. ಅಪ್ಪನಿಗೆ ಮೊದಲು.

ನಿದ್ದೆ ಪೂರಾ ಬಂದದ್ದು ಯಾವಾಗ ಎಂದು ಕೇಳಿದರೆ ದಿನ ಸಮೇತ ಹೇಳಬಲ್ಲೆ, ಏಕೆಂದರೆ ಅಂದು ನಾನು ಸಾಲಿಗೆ ಹೋಗಲಿಲ್ಲ. ಡಾಕ್ಟರನ್ನು ಕಂಡ ಮೂರನೆಯ ವಾರದ ಒಂದು ಮಂಗಳವಾರ. ಕಣ್ಣು ಬಿಟ್ಟಾಗ ಬಿಸಿಲು ಕಾಲಿನ ಮೇಲೆ ಬಿದ್ದಿತ್ತು. ಎಂಟು ಗಂಟೆಯ ಬಸ್ಸಿಗೆ ಇನ್ನೂ ಸಮಯವಿದೆ ಎಂದುಕೊಂಡು ಮೊಬೈಲಿಗೆ ಕೈ ಹಾಕಿದೆ. ಮೊಬೈಲ್ ಇರಲಿಲ್ಲ. ಹೊರಗೆ ಬಂದರೆ ಗಡಿಯಾರದಲ್ಲಿ ಹತ್ತೂವರೆ. ಮಿಕ್ಸರ್ ಇಲ್ಲ, ಟಿವಿ ಇಲ್ಲ, ಮನೆಯಲ್ಲಿ ಒಂದು ಸದ್ದಿಲ್ಲ. ಅಪ್ಪ ಬಾಗಿಲಿಗೆ ಅಡ್ಡಲಾಗಿ ಕುರ್ಚಿ ಹಾಕಿಕೊಂಡು ನನ್ನ ಮೊಬೈಲನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತಿದ್ದ. ಕಾವಲುಗಾರನ ಹಾಗೆ.

"ಅಪ್ಪಾ! ಯಾಕ ಎಬ್ಬಿಸಲಿಲ್ಲ? ಸಾಲಿ!"

"ನಿಮ್ಮ ಹೆಡ್‌ಮಾಸ್ತರ್ ಫೋನ್ ಮಾಡಿದ್ರು."

"ಏನಂದಿ?"

"ಟೀಚರ್ ಮಲಗ್ಯಾಳ್ರಿ ಅಂದೆ. ಆರಾಮ ಇಲ್ಲೇನ ಅಂತ ಕೇಳಿದ್ರು. ಇಲ್ರಿ, ಆರಾಮ ಆಗೈತಿ, ಅದಕ್ಕ ಮಲಗ್ಯಾಳ, ನಾ ಎಬ್ಬಸೂದಿಲ್ಲ ಅಂದೆ."

ಸಿಟ್ಟು ಬರಬೇಕಾಗಿತ್ತು. ಹತ್ತೊಂಬತ್ತು ವರ್ಷದ ನೌಕರಿಯಲ್ಲಿ ಹೇಳದೆ ಕೇಳದೆ ತಪ್ಪಿಸಿದ ಮೊದಲ ದಿನ ಅದು. ಆದರೆ ಮೈಯೆಲ್ಲ ಎಷ್ಟು ಹಗುರಾಗಿತ್ತೆಂದರೆ ಸಿಟ್ಟಿಗೆ ಬೇಕಾದ ಬಿಗಿಯೇ ಇರಲಿಲ್ಲ.

ಮರುದಿನ ರಜೆಯ ಅರ್ಜಿ ಬರೆಯಲು ಕುಳಿತೆ. ಅನಾರೋಗ್ಯದ ನಿಮಿತ್ತ ಎಂದು ಬರೆಯುವುದು ನಮ್ಮೆಲ್ಲರ ರೂಢಿ. ಪೆನ್ನು ಅಲ್ಲಿಗೆ ಬಂದು ನಿಂತಿತು. ಇನ್ನು ಸುಳ್ಳು ಬೇಡ ಅನ್ನಿಸಿತು. ಕಾರಣದ ಮುಂದೆ, ನನ್ನ ದುಂಡು ಅಕ್ಷರದಲ್ಲಿ, ನಿದ್ದೆ ಬಂದ ಕಾರಣ ಎಂದು ಬರೆದು ಸಹಿ ಹಾಕಿದೆ.